ಬಿಡಿ ಎಂದವಳು ನಾನು

ಮರು ಹೇಳಿಕೆ

ಹೆಸರು: ತ್ರಿಪುರಸುಂದರಿ ಕೋಂ ರೇವಣಸಿದ್ದಯ್ಯ. ವಯಸ್ಸು: ಐವತ್ತು ವರ್ಷ. ಕಸುಬು: ಈಶ್ವರನ ಗುಡಿಯ ಮುಂದೆ ಹೂವು, ಹಣ್ಣುಕಾಯಿ ವ್ಯಾಪಾರ. ವಿದ್ಯೆ: ಮಾಗಡಿ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ. ವಾಸ: ಚಾಮರಾಜಪೇಟೆ, ಗುಡಿಯ ಹಿಂದಿನ ವಠಾರ, ಮೂರನೇ ಮನೆ.

ಸಂಚಾರ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಶರಣ್ ಅವರಿಗೆ, ಯಾರೂ ಕರೆಸದೆ ನಾನಾಗಿಯೇ ಬಂದು, ನನ್ನ ಕೈಯಾರೆ ಬರೆದು ತಿಳಿಸುವುದೇನೆಂದರೆ:

ಇಂದು ದಿನಾಂಕ 17-11-2025, ಕಾರ್ತಿಕದ ಕಡೆಯ ಸೋಮವಾರ. ನನಗೆ ಉಪವಾಸ. ಬೆಳಿಗ್ಗೆ ನಾಲ್ಕೂಕಾಲಿಗೆ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಸ್ನಾನ ಮಾಡಿ ಲಿಂಗಪೂಜೆಗೆ ಕೂತೆ. ಮನಸ್ಸು ನಿಲ್ಲಲಿಲ್ಲ. ವಿಭೂತಿ ಇಟ್ಟುಕೊಂಡೆನೋ ಇಲ್ಲವೋ ಎಂದು ಎರಡು ಸಲ ಎದ್ದು ಹೋಗಿ ಕನ್ನಡಿ ನೋಡಿದೆ. ಯಜಮಾನರಿಗೆ ಉಪ್ಪಿಟ್ಟು ಮಾಡಿಟ್ಟು ಐದೂವರೆಗೆ ಮಾರ್ಕೆಟ್ಟಿಗೆ ಹೋಗಿ ಸೇವಂತಿಗೆ, ಕನಕಾಂಬರ, ಬಿಲ್ವಪತ್ರೆ ತಂದೆ. ನಿಂಬೆಹಣ್ಣು ತರಲಿಲ್ಲ. ಹೋದ ಸೋಮವಾರದಿಂದ ನಾನು ನಿಂಬೆಹಣ್ಣು ಮಾರುತ್ತಿಲ್ಲ.

ಹತ್ತು ಗಂಟೆ ಐದು ನಿಮಿಷಕ್ಕೆ ಠಾಣೆಗೆ ಬಂದೆ. ಕಾನ್‌ಸ್ಟೆಬಲ್ ಯಶಶ್ರೀ ಅವರೊಬ್ಬರೇ ಇದ್ದರು. ಎಲ್ಲರೂ ಕಡಲೆಕಾಯಿ ಪರಿಷೆಯ ಬಂದೋಬಸ್ತಿಗೆ ಹೋಗಿದ್ದಾರೆ, ಬರೆದುಕೊಳ್ಳುವವರು ಯಾರೂ ಇಲ್ಲ ಎಂದರು. "ನಿಮ್ ಹೇಳಿಕೆ ಅವತ್ತೇ ನಾನೇ ಬರ್ಕೊಂಡಿದೀನಲ್ಲಮ್ಮ, ಮತ್ತೇನು? ಬಿಡಿ," ಎಂದರು. ಬಿಡಲಾರದೆ ಬಂದಿದ್ದೇನೆ, ಹಾಳೆ ಕೊಡು ತಾಯಿ, ನಾನೇ ಬರೆಯುತ್ತೇನೆ ಎಂದು ಕೇಳಿಕೊಂಡೆ. ನಾಲ್ಕು ಹಾಳೆಯನ್ನೂ ತಮ್ಮ ಪೆನ್ನನ್ನೂ ಕೊಟ್ಟರು. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮನ್ನಿಸಬೇಕು.

ಹತ್ತನೇ ತಾರೀಖು ನಾನು ಕೊಟ್ಟ ಹೇಳಿಕೆಯಲ್ಲಿ, ನಾನು ತಲೆ ಬಗ್ಗಿಸಿ ಹೂವು ಕಟ್ಟುತ್ತಿದ್ದೆ, ಏನನ್ನೂ ನೋಡಲಿಲ್ಲ ಎಂದಿದೆ. ಅದು ಸುಳ್ಳು. ನಡೆದದ್ದನ್ನು ನಡೆದ ಹಾಗೆ ಕೆಳಗೆ ಬರೆದಿದ್ದೇನೆ.

ದಿನಾಂಕ 10-11-2025, ಸೋಮವಾರ, ಬೆಳಿಗ್ಗೆ ಎಂಟೂವರೆ ದಾಟಿ ಐದು ನಿಮಿಷಕ್ಕೆ ನನ್ನ ಒಡಹುಟ್ಟಿದ ತಮ್ಮ ಮರಿಯಣ್ಣ, ವಯಸ್ಸು ನಲವತ್ತನಾಲ್ಕು, ತನ್ನ ಹೊಸ ಬಿಳಿ ಗೂಡ್ಸ್ ಗಾಡಿ ತಂದು ಗುಡಿಯ ಮುಂದೆ ನಿಲ್ಲಿಸಿದ. ನಮ್ಮ ತವರೂರಿನಿಂದ ಹೂವು ತುಂಬಿಕೊಂಡು ಬಂದು ಮಾರ್ಕೆಟ್ಟಿನಲ್ಲಿ ಇಳಿಸಿ, ಗಾಡಿಗೆ ಪೂಜೆ ಮಾಡಿಸಲು ಬಂದಿದ್ದ. ಅವನಿಗೆ ಲೈಸೆನ್ಸ್ ಇದೆ. ಗಾಡಿ ಕೊಂಡು ಹನ್ನೊಂದು ದಿನ ಆಗಿತ್ತು. ಇಳಿದವನೇ, "ಅಕ್ಕಾ, ನಿಂಬೆಹಣ್ಣು ಇವತ್ತಿಂದಾ, ಹೋದ ಸೋಮವಾರದ್ದಾ?" ಎಂದು ರೇಗಿಸಿದ. ತಮ್ಮ ಅಂತ ಹೊಸದು ಕೊಡ್ತಿದೀನಿ, ಸುಮ್ನೆ ತಗೋ ಎಂದೆ.

ಎಂಟು ಐವತ್ತಕ್ಕೆ ಶ್ರೀನಿವಾಸಯ್ಯ ಮೇಷ್ಟ್ರು ಬಂದರು. ಅವರಿಗೆ ಅರವತ್ತೆಂಟು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು, ಹದಿನಾಲ್ಕು ವರ್ಷದಿಂದ ನನ್ನ ಗಿರಾಕಿ. ದಿನವೂ ಒಂದು ಹಿಡಿ ಬಿಡಿ ಹೂವು ಒಯ್ಯುತ್ತಾರೆ, ಕಟ್ಟಿದ ಹೂವು ಒಯ್ಯುವುದಿಲ್ಲ. ಅಂದು ನಾನು ಅಂಗಡಿಯ ಮುಂದಿನ ಸ್ಲೇಟಿನಲ್ಲಿ "ಬಿಡು ಹೂವು ಸಿಗುತ್ತದೆ" ಎಂದು ಬರೆದಿದ್ದೆ. ಅವರು ಓದಿ ನಕ್ಕು, "ಏನ್ ತಾಯಿ, ಹೂವಿಗೆ ಬಿಡು ಅಂತ ಬೈತಿದೀರಲ್ಲ! ಡಕಾರಕ್ಕೆ ಗುಡಿಸು ಕೊಡಿ, ಕೊಂಬು ಬೇಡ," ಎಂದು ತಾವೇ ಬಳಪ ತೆಗೆದುಕೊಂಡು ತಿದ್ದಿದರು. ಅದು ಇವತ್ತಿಗೂ ಅವರು ತಿದ್ದಿದ ಹಾಗೆಯೇ ಇದೆ. ಒರೆಸಲು ಕೈ ಬಂದಿಲ್ಲ.

ಒಂಬತ್ತಕ್ಕೆ ರಾಹುಕಾಲ ಮುಗಿಯಿತು. ಅರ್ಚಕರಾದ ದೊರೆಸ್ವಾಮಿಯವರು ಹೊರಗೆ ಬಂದು ಗಾಡಿಯ ಮುಖ ಪೂರ್ವಕ್ಕೆ ತಿರುಗಿಸಬೇಕು ಎಂದರು. ಆ ರಸ್ತೆ ಒನ್‌ವೇ. ಪೂರ್ವಕ್ಕೆ ತಿರುಗಿಸಿದರೆ ಎದುರು ದಿಕ್ಕಾಗುತ್ತದೆ. ಮರಿಯಣ್ಣ ಅದನ್ನು ಹೇಳಿದ. ಪೊಲೀಸಿನವರು ಬಂದರೆ ಏನು ಮಾಡುವುದು ಎಂದೂ ಕೇಳಿದ. ದೊರೆಸ್ವಾಮಿಯವರು, "ದೇವರಿಗೆ ಒನ್‌ವೇ ಇಲ್ಲಪ್ಪ. ಐದೇ ನಿಮಿಷ," ಎಂದರು. ಇದನ್ನು ಅರ್ಚಕರ ಮೇಲೆ ದೂರಾಗಿ ಬರೆಯುತ್ತಿಲ್ಲ. ನನ್ನ ತಮ್ಮನಿಗೆ ರಸ್ತೆಯ ನಿಯಮ ಗೊತ್ತಿತ್ತು, ಕೇಳಿದ್ದ ಎಂದು ತಿಳಿಸಲು ಬರೆದೆ.

ಒಂಬತ್ತು ಹತ್ತಕ್ಕೆ ಪೂಜೆ ಶುರುವಾಯಿತು. ಗಾಜಿನ ಮೇಲೆ ಹಾಕಿದ ಹಾರ ನಾನೇ ಕಟ್ಟಿದ್ದು. ತಮ್ಮನ ಗಾಡಿ ಎಂದು ಎಂದಿಗಿಂತ ದಪ್ಪಗೆ ಕಟ್ಟಿದ್ದೆ. ಗಾಜಿನ ಎಡಗಡೆ ಅರ್ಧಭಾಗ ಸೇವಂತಿಗೆಯಿಂದ ಮುಚ್ಚಿಹೋಗಿತ್ತು. ಒಳಗೆ ಬಲಗಡೆ ಕೂತವನಿಗೆ ಎಡಗಡೆಯ ಮುಂದಿನ ಚಕ್ರದ ಜಾಗ ಕಾಣುತ್ತಿರಲಿಲ್ಲ. ಆಗ ಇದು ನನಗೆ ಹೊಳೆಯಲಿಲ್ಲ. ಹಾರ ಚೆನ್ನಾಗಿದೆ ಎಂದು ಮಾತ್ರ ಅನ್ನಿಸಿತು.

ಬೂದುಗುಂಬಳ ಒಡೆದರು. ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ದೊರೆಸ್ವಾಮಿಯವರು ಆರತಿ ಎತ್ತಿ ಗಂಟೆ ಬಾರಿಸುತ್ತಿದ್ದರು. ಮರಿಯಣ್ಣ ಗಾಡಿ ಹತ್ತಿ ಸ್ಟಾರ್ಟ್ ಮಾಡಿ ಕೂತಿದ್ದ. ನಾನು ಅಂಗಡಿಯಿಂದ ಇಳಿದು ಗಾಡಿಯ ಎಡಗಡೆಗೆ, ಸುಮಾರು ಆರು ಅಡಿ ದೂರದಲ್ಲಿ ನಿಂತಿದ್ದೆ. ರಸ್ತೆ ಆ ಕಡೆ ಚರಂಡಿಗೆ ಇಳಿಜಾರು. ಎಡಗಡೆ ಮುಂದಿನ ಚಕ್ರದ ನಿಂಬೆಹಣ್ಣು ಉರುಳಿ ಒಂದು ಮೊಳ ಆಚೆ ಬಂತು. ಪ್ರಸಾದಕ್ಕೆ ನಿಂತಿದ್ದ ಮೇಷ್ಟ್ರು ಅದನ್ನು ಕಂಡು, ಬಗ್ಗಿ ಎತ್ತಿಕೊಂಡು, ಮತ್ತೆ ಚಕ್ರದ ಕೆಳಗೆ ಸರಿಯಾಗಿ ಇಡಲು ಹೋದರು. ಯಾವುದೂ ಅರೆಬರೆ ಇರಬಾರದು ಎನ್ನುವ ಮನುಷ್ಯ ಅವರು.

ಆಗ ನಾನು ಬಲಗೈ ಎತ್ತಿ ಬೀಸಿ, "ಬಿಡಿ, ಬಿಡಿ, ಬಿಡಿ" ಎಂದು ಕೂಗಿದೆ.

ಮೇಷ್ಟ್ರೇ, ನಿಂಬೆಹಣ್ಣನ್ನು ಬಿಟ್ಟು ಈಚೆ ಬನ್ನಿ ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು. ಮೇಷ್ಟ್ರೇ ಎಂಬ ಮಾತನ್ನು ನಾನು ಬಾಯಿಂದ ಆಡಲಿಲ್ಲ. ಆಡಿದ್ದರೆ ಈ ಹಾಳೆ ಬರೆಯಬೇಕಾಗಿರಲಿಲ್ಲ.

ಗಾಡಿ ಮುಂದಕ್ಕೆ ಬಂತು. ಬಂಪರ್ ಹೆಗಲಿಗೆ ತಗುಲಿ ಮೇಷ್ಟ್ರು ಬಿದ್ದರು. ಚಕ್ರ ಅವರ ಎಡಗಾಲಿನ ಮೊಣಕಾಲಿನ ಕೆಳಗೆ ಹತ್ತಿತು. ನಾನು "ತಡಿ!" ಎಂದು ಕಿರುಚಿದೆ. ಕಿರುಚಿದ ಕೂಡಲೇ ಗಾಡಿ ನಿಂತಿತು. ಆಗ ಸಮಯ ಒಂಬತ್ತು ಇಪ್ಪತ್ತೆರಡು. ಗುಡಿಯ ಗಡಿಯಾರ ನೋಡಿದ್ದು ನೆನಪಿದೆ. ಯಾಕೆ ನೋಡಿದೆನೋ ಗೊತ್ತಿಲ್ಲ.

ಇಲ್ಲಿ ಒಂದು ಹಳೆಯ ಸಂಗತಿ ತಿಳಿಸಬೇಕು. ಅದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮ ತಂದೆ ಊರಿನಲ್ಲಿ ಬೇರೆಯವರ ಟ್ರಾಕ್ಟರ್ ಓಡಿಸುತ್ತಿದ್ದರು. ಮರಿಯಣ್ಣನಿಗೆ ಹದಿಮೂರು ವರ್ಷವಿದ್ದಾಗ ಹೊಲದಲ್ಲಿ ಕಲಿಸಿದರು. ಅದು ಲೈಸೆನ್ಸ್ ಇಲ್ಲದ ವಯಸ್ಸು, ತಪ್ಪು ತಪ್ಪೇ, ಬರೆದುಕೊಳ್ಳಿ. ಹೊಲಕ್ಕೆ ಹೋಗುವ ಬಂಡಿದಾರಿ ಎಂಟಡಿ ಅಗಲ. ಒಂದು ಕಡೆ ಕತ್ತಾಳೆ ಬೇಲಿ, ಇನ್ನೊಂದು ಕಡೆ ಕೆರೆಯ ಕಾಲುವೆ. ಎದುರು ಬಂಡಿ ಬಂದರೆ ಒಬ್ಬರು ಹಿಂದಕ್ಕೆ ಹೋಗಬೇಕು. ಭಾರ ಹೊತ್ತು ಬಂದವರಿಗೆ ದಾರಿ, ಖಾಲಿ ಬಂದವರು ಹಿಂದಕ್ಕೆ, ಇದು ಅಲ್ಲಿನ ನಿಯಮ. ಆ ದಾರಿಯಲ್ಲಿ ಚಕ್ರದ ಹತ್ತಿರ ನಿಂತು ಹೇಳುವ ಕೆಲಸ ನನ್ನದಾಗಿತ್ತು. ಆಗ ನನಗೆ ಹತ್ತೊಂಬತ್ತು, ಇನ್ನೂ ಮದುವೆಯಾಗಿರಲಿಲ್ಲ.

ನಮ್ಮಪ್ಪ ಎರಡೇ ಮಾತು ಇಟ್ಟಿದ್ದರು. ಮುಂದೆ ಬರಬೇಕಾದರೆ "ಬಿಡು". ನಿಲ್ಲಬೇಕಾದರೆ "ತಡಿ". ಬಾ ಎನ್ನಬಾರದು, ಬಾ ಎಂದರೆ ದಾರಿಯಲ್ಲಿರುವ ನಾಯಿಯೂ ಬರುತ್ತದೆ ಎನ್ನುತ್ತಿದ್ದರು. ಮರಿಯಣ್ಣನಿಗೆ ಕಿವಿ ಹಿಡಿದು ಕಲಿಸಿದ್ದು ಏನೆಂದರೆ, ಸೀಟಿನ ಮೇಲೆ ಕೂತವನಿಗೆ ಚಕ್ರ ಕಾಣುವುದಿಲ್ಲ, ನೆಲದ ಮೇಲೆ ನಿಂತವರಿಗೆ ಕಾಣುತ್ತದೆ, ಅದಕ್ಕೆ ಅಕ್ಕ ಬಿಡು ಎಂದರೆ ಬಿಡಬೇಕು, ತಡಿ ಎಂದರೆ ತಡೆಯಬೇಕು, ನಡುವೆ ನಿನ್ನ ಬುದ್ಧಿ ಓಡಿಸಬೇಡ. ಒಂದು ಸಲ ಅವನು ನನ್ನ ಮಾತು ಮೀರಿ ಬಿಟ್ಟು, ಹಿಂದಿನ ಚಕ್ರ ಕಾಲುವೆಗೆ ಇಳಿದು, ಅಪ್ಪನ ಏಟಿಗೆ ಅವನ ಬೆನ್ನ ಮೇಲೆ ಬಾಸುಂಡೆ ಬಂದಿತ್ತು. ಆಮೇಲೆ ಯಾವತ್ತೂ ಮೀರಲಿಲ್ಲ.

ನಾನು ಮದುವೆಯಾಗಿ ಬೆಂಗಳೂರಿಗೆ ಬಂದು ಮೂವತ್ತು ವರ್ಷವಾಯಿತು. ಇಲ್ಲಿ ಬಿಡಿ ಎಂದರೆ ಹೋಗಲಿ, ಕೈಬಿಡಿ, ಸಾಕು ಎಂದು. ದಿನಕ್ಕೆ ನೂರು ಸಲ ಆ ಮಾತು ನನ್ನ ಬಾಯಲ್ಲಿ ಬರುತ್ತದೆ. ಅಂದು ನಾನು ಆಡಿದ್ದು ಪಟ್ಟಣದ ಮಾತು. ಗಾಡಿಯೊಳಗಿದ್ದವನಿಗೆ ಕೇಳಿಸಿದ್ದು ಊರಿನ ಮಾತು. ಇಂಜಿನ್ ಸದ್ದು, ಗಂಟೆಯ ಸದ್ದು. ಆ ಸದ್ದಿನಲ್ಲಿ ಡಿ ಎಂದರೇನು, ಡು ಎಂದರೇನು. ಒಂದು ಗುಡಿಸು, ಒಂದು ಕೊಂಬು. ಅರ್ಧ ಗಂಟೆಯ ಹಿಂದೆ ಮೇಷ್ಟ್ರು ನನ್ನ ಸ್ಲೇಟಿನಲ್ಲಿ ತಿದ್ದಿದ್ದೂ ಅದೇ.

ಒಂಬತ್ತು ಇಪ್ಪತ್ತೈದಕ್ಕೆ ಜನ ಸೇರಿ ಗಾಡಿಯನ್ನು ಹಿಂದಕ್ಕೆ ತಳ್ಳಿದರು. ಮರಿಯಣ್ಣ ಇಳಿದು ಬಂದ. ಮುಖ ಸುಣ್ಣದ ಹಾಗಿತ್ತು. ನಾವಿಬ್ಬರೂ ಮೇಷ್ಟ್ರನ್ನು ಎತ್ತಿ ಆಟೋದಲ್ಲಿ ಕೂರಿಸುವಾಗ ಅವನು ನನ್ನ ಕಿವಿಯ ಹತ್ತಿರ, "ಅಕ್ಕಾ, ನೀನು ತಲೆ ಬಗ್ಸಿ ಹೂವ ಕಟ್ತಿದ್ದೆ. ಏನೂ ನೋಡಿಲ್ಲ. ಏನೂ ಅಂದಿಲ್ಲ," ಎಂದ. ಗಾಬರಿಯಲ್ಲಿ ನನಗೆ ಅದರ ಅರ್ಥ ಹತ್ತಲಿಲ್ಲ. ಪೊಲೀಸಿನ ತಂಟೆ ಅಕ್ಕನಿಗೆ ಬೇಡ ಎಂದು ಹೇಳುತ್ತಿದ್ದಾನೆ ಎಂದುಕೊಂಡೆ. ಅವನು ಗಾಡಿಯ ಹತ್ತಿರವೇ ಪೊಲೀಸಿನವರು ಬರುವ ತನಕ ನಿಂತಿದ್ದ, ಓಡಿಹೋಗಲಿಲ್ಲ.

ಆಟೋದಲ್ಲಿ ಮೇಷ್ಟ್ರ ಪಕ್ಕ ನಾನೊಬ್ಬಳೇ ಇದ್ದೆ. ಅವರ ಬಲಗೈ ಮುಷ್ಟಿ ಕಟ್ಟಿತ್ತು. ನೋಡಿದರೆ ಆ ನಿಂಬೆಹಣ್ಣು ಒಳಗೆ ಇಡಿಯಾಗಿ ಇತ್ತು. ನೋವಿಗೆ ಅದನ್ನೇ ಹಿಸುಕುತ್ತಿದ್ದರು. ಬೆರಳು ಬಿಡಿಸಲು ಹೋಗಿ ನಾನು, ಬಿಡಿ ಮೇಷ್ಟ್ರೇ, ಬಿಡಿ ಎಂದೆ. ಅವರು ಕಣ್ಣು ಬಿಟ್ಟು ನನ್ನನ್ನು ನೋಡಿ, "ಆ ಮಾತು ಇನ್ನೊಂದ್ಸಲ ಆಡ್ಬೇಡಿ ತಾಯಿ. ಒಂದ್ಸಲ ಆಡಿದ್ದಕ್ಕೇ ಇಷ್ಟಾಗಿದೆ," ಎಂದರು. ನಗಲು ನೋಡಿದರು, ಆಗಲಿಲ್ಲ.

ಆಗ ನನಗೆ ತಿಳಿಯಿತು. ನನ್ನ ತಮ್ಮ ಏನೂ ಅಂದಿಲ್ಲ ಎಂದು ಯಾಕೆ ಹೇಳಿದ ಎಂಬುದೂ ತಿಳಿಯಿತು.

ಅಂದು ಹನ್ನೊಂದೂವರೆಗೆ ಆಸ್ಪತ್ರೆಯ ಹೊರಗೆ ಯಶಶ್ರೀ ಅವರು ನನ್ನನ್ನು ಕೇಳಿದರು. ತಿಳಿದ ಮೇಲೂ ನಾನು ತಮ್ಮ ಹೇಳಿಕೊಟ್ಟದ್ದನ್ನೇ ಹೇಳಿದೆ. ಹಣೆಯಲ್ಲಿ ವಿಭೂತಿ ಇಟ್ಟುಕೊಂಡು, ಉಪವಾಸದ ದಿನ, ಸುಳ್ಳು ಹೇಳಿ ಸಹಿ ಹಾಕಿದೆ. ಮಧ್ಯಾಹ್ನ ಮರಿಯಣ್ಣನೂ, ಕ್ಲಚ್ಚಿನಿಂದ ಕಾಲು ಜಾರಿತು ಎಂದು ಬರೆಸಿದ್ದಾನೆ ಎಂದು ತಿಳಿಯಿತು. ಮೇಷ್ಟ್ರ ಮಗ ಸುಮನ್ ಅವರು ಅಜಾಗರೂಕ ಚಾಲನೆ ಎಂದು ದೂರು ಕೊಟ್ಟರು. ತಂದೆಯ ಕಾಲು ಎರಡು ಕಡೆ ಮುರಿದಿರುವಾಗ ಮಗ ದೂರು ಕೊಡುವುದು ತಪ್ಪಲ್ಲ.

ದಿನಾಂಕ 12ರಂದು ಬೆಳಿಗ್ಗೆ ಹತ್ತೂವರೆಗೆ ತಾವು, ಅಂದರೆ ಶರಣ್ ಅವರು, ಅಂಗಡಿಗೆ ಬಂದು ಎದುರಿನ ಬಟ್ಟೆ ಅಂಗಡಿಯ ಕ್ಯಾಮೆರಾದಲ್ಲಿ ಬಂದಿದ್ದನ್ನು ಫೋನಿನಲ್ಲಿ ತೋರಿಸಿದಿರಿ. ಸದ್ದಿಲ್ಲದ ಚಿತ್ರ. ಹೂವು ಕಟ್ಟುತ್ತಿದ್ದೆ ಎಂದವರು ರಸ್ತೆಯಲ್ಲಿ ನಿಂತು ಯಾಕೆ ಕೈ ಎತ್ತಿದಿರಿ ಎಂದು ಕೇಳಿದಿರಿ. ನಾಯಿ ಓಡಿಸಿದೆ ಎಂದೆ. ತಾವು ಫೋನನ್ನು ಜೇಬಿಗೆ ಹಾಕಿಕೊಂಡು, "ಸರಿ ಬಿಡಿ ಅಮ್ಮ," ಎಂದು ಹೋದಿರಿ. ಅಲ್ಲಿ ನಾಯಿ ಇರಲಿಲ್ಲ. ಚಿತ್ರದಲ್ಲೂ ಇಲ್ಲ. ಇದು ನನ್ನ ಎರಡನೇ ಸುಳ್ಳು.

ದಿನಾಂಕ 13ರಂದು ಸಂಜೆ ಐದಕ್ಕೆ ಆಸ್ಪತ್ರೆಗೆ ಹೋದೆ. ವಾರ್ಡಿನ ಬಾಗಿಲಲ್ಲಿ ಸುಮನ್ ಅವರಿದ್ದರು. ನೀವು ಡ್ರೈವರ್‌ನ ಅಕ್ಕ ಅಲ್ಲವೇ ಎಂದು ಕೇಳಿದರು. ಹೌದು ಎಂದೆ. ಅಪ್ಪ ಮಲಗಿದ್ದಾರೆ ಎಂದು ಹೇಳಿ ಬಾಗಿಲು ಎಳೆದುಕೊಂಡರು. ಒಳಗಿನಿಂದ ಮೇಷ್ಟ್ರು ಯಾರದು ಎಂದು ಕೇಳಿದ್ದು ನನಗೆ ಕೇಳಿಸಿತು. ನಾನು ತಿರುಗಿ ಬಂದೆ.

ಅಂದಿನಿಂದ ನಿದ್ದೆ ಇಲ್ಲ, ಅನ್ನ ಸೇರುತ್ತಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತದೆ. ಹೂವು ಕಟ್ಟುವಾಗ ಎಣಿಕೆ ತಪ್ಪುತ್ತದೆ. ಗಿರಾಕಿಗಳು ಬಂದು ಬಿಡಿ ಹೂವು ಇದೆಯಾ ಎಂದರೆ ಕಟ್ಟುತ್ತಿದ್ದ ದಾರ ಕೆಳಗಿಟ್ಟು ಸ್ಲೇಟು ನೋಡುತ್ತೇನೆ. ಬೆಳಗಿನಿಂದ ರಾತ್ರಿಯವರೆಗೆ ಈ ಊರಿನಲ್ಲಿ ಎಷ್ಟು ಜನ ಎಷ್ಟು ಸಲ ಆ ಮಾತು ಆಡುತ್ತಾರೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ. ಯಜಮಾನರಿಗೆ ದಿನಾಂಕ 14ರಂದು ಎಲ್ಲ ಹೇಳಿದೆ. ಅವರು, "ಹೇಳಿ ಏನ್ ಮಾಡ್ತೀಯಾ? ಅವನೇ ಒಪ್ಕೊಂಡಿದಾನೆ, ಬಿಡು ಅತ್ಲಾಗೆ," ಎಂದರು. ಅವರೂ ಅದೇ ಮಾತು ಆಡಿದರು.

ದಿನಾಂಕ 15ರಂದು ಸಂಜೆ ಏಳಕ್ಕೆ ಮರಿಯಣ್ಣ ಊರಿನಿಂದ ಫೋನ್ ಮಾಡಿದ. ಇಪ್ಪತ್ತೆಂಟಕ್ಕೆ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡುಬಿಡುತ್ತೇನೆ ಎಂದ. ಲೈಸೆನ್ಸ್ ಹೋದರೆ ಗಾಡಿ ಏನು ಮಾಡುತ್ತೀಯ ಎಂದು ಕೇಳಿದೆ. "ಹೋದ್ರೆ ಹೋಗ್ಲಿ ಅಕ್ಕ. ಹೊಲದಲ್ಲಿ ಟ್ರಾಕ್ಟರ್ ಬಿಡೋಕೆ ನಮ್ಮೂರ್ನಾಗೆ ಯಾರು ಕೇಳ್ತಾರೆ? ನೀನು ಉಣ್ಣು," ಎಂದ. ನಿನಗೆ ನನ್ನ ಕೂಗು ಕೇಳಿಸಿತ್ತಾ ಎಂದು ಕೇಳಿದೆ. ಗಂಟೆ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ ಎಂದ. ಹಾಗಾದರೆ ತಡಿ ಅಂದದ್ದು ಹೇಗೆ ಕೇಳಿಸಿತು ಎಂದೆ. ಅವನು ಫೋನ್ ಇಟ್ಟ. ಆಮೇಲೆ ನಾನು ಒಂಬತ್ತು ಸಲ ಮಾಡಿದ್ದೇನೆ, ಎತ್ತಿಲ್ಲ.

ನಾನು ಕಾನೂನು ಓದಿದವಳಲ್ಲ. ಆದರೆ ಇಷ್ಟು ತಿಳಿಯುತ್ತದೆ. ಕಾಲು ಜಾರಿದ್ದರೆ ಗಾಡಿ ನನ್ನ ಮೂರು ಬಿಡಿ ಮುಗಿದ ಮೇಲೆ ಹೊರಡುತ್ತಿರಲಿಲ್ಲ, ನನ್ನ ಒಂದು ತಡಿಗೆ ನಿಲ್ಲುತ್ತಲೂ ಇರಲಿಲ್ಲ. ತಡಿ ಎಂಬ ಮಾತನ್ನು ನಾನು ಈ ಪಟ್ಟಣದಲ್ಲಿ ಮೂವತ್ತು ವರ್ಷದಿಂದ ಯಾವ ಗಾಡಿಗೂ ಆಡಿಲ್ಲ. ಇಲ್ಲಿ ನಿಲ್ಸಿ ಎನ್ನುತ್ತೇನೆ. ಅವನು ಅಜಾಗರೂಕನಾಗಿ ಬಿಟ್ಟವನಲ್ಲ. ಕಣ್ಣಿಗೆ ಕಾಣದ ಚಕ್ರವನ್ನು, ನೆಲದ ಮೇಲೆ ನಿಂತ ಅಕ್ಕನ ಕಣ್ಣಿಗೆ ಒಪ್ಪಿಸಿ ಬಿಟ್ಟವನು. ಊರಿನ ದಾರಿಯ ನಿಯಮ ಇಲ್ಲಿ ನಡೆಯುವುದಿಲ್ಲ, ಇಲ್ಲಿ ಗಾಡಿ ಬಿಡುವವನೇ ನೋಡಿ ಬಿಡಬೇಕು ಎಂದು ತಾವು ಹೇಳಬಹುದು. ಹೇಳಿ. ಆದರೆ ಕಾಲು ಜಾರಿತು ಎಂದು ಬರೆಯಬೇಡಿ. ಅದರ ಜಾಗದಲ್ಲಿ, ಅಕ್ಕ ಬಿಡು ಎಂದಳು ಎಂದು ಬರೆಯಿರಿ. ಹಾರ ಕಟ್ಟಿದವಳೂ ನಾನೇ, ಕೈ ಬೀಸಿದವಳೂ ನಾನೇ, ಕೂಗಿದವಳೂ ನಾನೇ. ನನ್ನ ಮೇಲೆ ಯಾವ ಕಲಂ ಬರುತ್ತದೋ ಬರಲಿ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೂ ಬರಲಿ.

ಮೇಲೆ ಬರೆದದ್ದನ್ನು ನಾನೇ ಎರಡು ಸಲ ಓದಿಕೊಂಡಿದ್ದೇನೆ. ಗುಡಿಸು ಕೊಂಬು ತಪ್ಪಿರಬಹುದು, ಸಂಗತಿ ತಪ್ಪಿಲ್ಲ. ಯಾರ ಒತ್ತಾಯವೂ ಇಲ್ಲ. ಯಜಮಾನರಿಗೆ ಹೇಳದೆ ಬಂದಿದ್ದೇನೆ, ಸಂಜೆ ನಾನೇ ಹೇಳುತ್ತೇನೆ. ನನ್ನ ಕೊರಳಿನ ಲಿಂಗದ ಸಾಕ್ಷಿಯಾಗಿ ಇದು ನಿಜ.

ಸ್ಥಳ: ಠಾಣೆಯ ಬೆಂಚು, ಚಾಮರಾಜಪೇಟೆ
ದಿನಾಂಕ: 17-11-2025, ಮಧ್ಯಾಹ್ನ ಹನ್ನೆರಡೂಕಾಲು
ಸಹಿ: ತ್ರಿಪುರಸುಂದರಿ

ಸಹಿಯ ಕೆಳಗೆ ಬರೆಯಬಾರದು ಎಂದು ಯಶಶ್ರೀ ಅವರು ಹೇಳಿದರು. ಆದರೂ ಒಂದು ಕೋರಿಕೆ. ಮರಿಯಣ್ಣನನ್ನು ಠಾಣೆಗೆ ಕರೆಸಿ, ಇದನ್ನು ಅವನ ಮುಂದೆ ಓದಿ, ಒಂದೇ ಒಂದು ಮಾತು ಕೇಳಬೇಕು: ಅಕ್ಕನ ಕೂಗು ಕೇಳಿಸಿತ್ತೋ ಇಲ್ಲವೋ. ನಾನು ಕೇಳಿದರೆ ಇಲ್ಲ ಎನ್ನುತ್ತಾನೆ. ಅವನು ಕೊಟ್ಟ ಉತ್ತರವನ್ನು ಯಾರ ಕೈಯಲ್ಲಾದರೂ ನನ್ನ ಅಂಗಡಿಗೆ ಕಳಿಸಿಕೊಡಬೇಕು. ರಾತ್ರಿ ಎಂಟರವರೆಗೆ ದಿನವೂ ತೆರೆದಿರುತ್ತದೆ, ಬಿಡಿ ಹೂವಿನ ಸ್ಲೇಟೇ ಗುರುತು. ಅವನು ಬಾಯಿ ಬಿಡದೆ ಸುಮ್ಮನೆ ನಿಂತರೆ, ಅದನ್ನೂ ಉತ್ತರವೆಂದೇ ಬರೆದುಕೊಂಡು ಬರಲು ಹೇಳಿ.